ಹುಣಸೆಹಣ್ಣಿಗೆ ಮಂಕಾದ ಪದಕ

ತಾಮ್ರದ ಗಣಿಯ ಪಕ್ಕದ ಊರೊಂದರಲ್ಲಿ ತಿಪ್ಪಮ್ಮ ಎಂಬ ಮುದುಕಿ ಇದ್ದಳು. ಅವಳ ಕೊರಳಲ್ಲಿ ಒಂದು ಪದಕ. ಹಸಿರಿನೊಳಗೆ ಹಸಿರು ಬಳೆಗಳಂಥ ಗೆರೆಗಳಿದ್ದ ಕಲ್ಲು. ಪುಸ್ತಕದಲ್ಲಿ ಅದರ ಹೆಸರು ಮ್ಯಾಲಕೈಟ್. ಊರಿನವರಿಗೆ ಬರೀ ಹಸಿರು ಕಲ್ಲು. ಗಣಿಯಲ್ಲಿ ದುಡಿಯುತ್ತಿದ್ದ ಗಂಡ ಪಾಲಯ್ಯ ಅದನ್ನು ಕೈಯಾರೆ ಉಜ್ಜಿ ಮಾಡಿಕೊಟ್ಟಿದ್ದ. ಅವನು ತೀರಿಕೊಂಡ ಮೇಲೆ ಅವಳ ಬಳಿ ಉಳಿದ ಅವನ ಕೈಕೆಲಸ ಅದೊಂದೇ.

ಸೊಸೆ ಸಾಕಮ್ಮನಿಗೆ ಪಾತ್ರೆ ಬೆಳಗುವ ಹುಚ್ಚು. "ಬೆಕ್ಕು ಸುಮ್ಮನೆ ಕೂತರೆ ಅದಕ್ಕೂ ಹುಣಸೆಹಣ್ಣು ಹಚ್ಚುತ್ತಾಳೆ" ಎಂದು ತಿಪ್ಪಮ್ಮ ನಗುತ್ತಿದ್ದಳು.

ಯುಗಾದಿಗೆ ಮುಂಚೆ ಸಾಕಮ್ಮ ತಾಮ್ರದ ಕೊಡದ ಹಸಿರು ಕಿಲುಬನ್ನು ತಿಕ್ಕುತ್ತಿದ್ದಳು. ಅತ್ತೆ ಸ್ನಾನಕ್ಕೆಂದು ಪದಕ ಬಿಚ್ಚಿಟ್ಟಿದ್ದಳು. ಹಬ್ಬಕ್ಕೆ ಅದೂ ಹೊಳೆಯಲಿ ಎಂದು ಸೊಸೆ ಅದನ್ನು ಹುಣಸೆ ರಸದಲ್ಲಿ ನೆನೆಹಾಕಿದಳು. ಕೊಡ ಥಳಥಳಿಸಿತು. ಕಲ್ಲಿನ ಮೇಲೆ ಸಣ್ಣ ಗುಳ್ಳೆಗಳೆದ್ದವು. ತೆಗೆದು ನೋಡಿದರೆ ಹೊಳಪೆಲ್ಲ ಹೋಗಿತ್ತು.

ಸಾಕಮ್ಮ ಮುಚ್ಚಿಡಲಿಲ್ಲ. "ಅತ್ತೆ, ಮಾವನ ಪದಕ ಕೆಡಿಸಿಬಿಟ್ಟೆ" ಎಂದು ಅಳುತ್ತಾ ತಂದುಕೊಟ್ಟಳು.

ತಿಪ್ಪಮ್ಮ ಕಲ್ಲನ್ನು ಬೆಳಕಿಗೆ ಹಿಡಿದು ಬೆರಳಿನಿಂದ ಸವರಿದಳು.

"ಇದೂ ತಾಮ್ರದ್ದೇ ಕಣೇ" ಎಂದಳು. "ಬಂಡೆಯ ಬಿರುಕಿನಲ್ಲಿ ನೀರು ತಾಮ್ರವನ್ನು ಕರಗಿಸಿಕೊಂಡು ಇಳಿಯುತ್ತೆ. ಪದರದ ಮೇಲೆ ಪದರ ಕಟ್ಟಿ ಕಲ್ಲಾಗುತ್ತೆ. ನಿನ್ನ ಮಾವ ಹೇಳ್ತಿದ್ರು, ಕೊಡದ ಕಿಲುಬೂ ಇದೂ ಅಕ್ಕತಂಗಿ ಅಂತ. ಅದನ್ನು ತಿನ್ನೋ ಹುಳಿ ಇದನ್ನು ಬಿಡುತ್ತಾ?"

"ಸರಿಹೋಗಲ್ವಾ ಅತ್ತೆ?"

"ಮೆತ್ತನೆ ಕಲ್ಲು. ಬೇಗ ಕೆಡುತ್ತೆ, ಉಜ್ಜಿದರೆ ಬೇಗ ಒಲಿಯುತ್ತೆ. ಅದಕ್ಕೇ ಮಣಿ ಮಾಡೋಕೂ ಪೆಟ್ಟಿಗೆ ಕೆತ್ತೋಕೂ ಇದೇ ಕಲ್ಲು ಬೇಕು ಅಂತಿದ್ರು ನಿನ್ನ ಮಾವ. ಹೋಗು, ನೀರು ತಾ. ನೀರಿಲ್ಲದೆ ಉಜ್ಜಿದರೆ ಏಳೋ ಒಣ ಪುಡಿ ಎದೆಗೆ ಒಳ್ಳೇದಲ್ಲ."

ಪಾಲಯ್ಯ ಕೂರುತ್ತಿದ್ದ ಜಗಲಿಯಲ್ಲೇ ಇಬ್ಬರೂ ಕೂತರು. ಅವನ ನುಣುಪು ಸಾಣೆಕಲ್ಲಿಗೆ ನೀರು ಹಾಕಿ ಸರದಿಯಂತೆ ತೇದರು. ತಿಪ್ಪಮ್ಮನಿಗೆ ಹಳೆಯ ಸಂಜೆಗಳು ನೆನಪಾದವು. ಪಾಳಿ ಮುಗಿಸಿ ಬಂದವನು ಹೀಗೇ ಬೆರಳೆಲ್ಲ ಹಸಿರು ಮಾಡಿಕೊಳ್ಳುತ್ತಿದ್ದ. ಊಟಕ್ಕೆ ಕರೆದರೆ "ಇನ್ನೊಂದು ಸುತ್ತು" ಎನ್ನುತ್ತಿದ್ದ. ಮುದ್ದೆ ಆರಿಹೋಗುತ್ತಿತ್ತು.

ಕತ್ತಲಾಗುವ ಹೊತ್ತಿಗೆ ಕಲ್ಲು ಸ್ವಲ್ಪ ತೆಳುವಾಗಿತ್ತು. ಅದರೊಳಗಿನ ಹಸಿರು ಬಳೆಗಳು ಮತ್ತೆ ಹೊಳೆಯುತ್ತಿದ್ದವು.

"ಸಾಕು ಏಳು, ಮುದ್ದೆ ಆರುತ್ತೆ" ಎಂದಳು ತಿಪ್ಪಮ್ಮ.

ಸಾಕಮ್ಮ ತಲೆ ಎತ್ತಲಿಲ್ಲ. "ಇನ್ನೊಂದು ಸುತ್ತು, ಅತ್ತೆ."

ತಿಪ್ಪಮ್ಮ ಏಳಲು ಹೋದವಳು ಹಾಗೇ ಅವಳ ಪಕ್ಕ ಕೂತುಬಿಟ್ಟಳು.

ನೀತಿ: ಕೊಡಕ್ಕೆ ಕೊಳೆಯಾದದ್ದು ಕಲ್ಲಿಗೆ ಒಡಲೇ ಆಗಿರಬಹುದು, ತಿಕ್ಕುವ ಮೊದಲು ಕೇಳಿ ತಿಳಿಯಬೇಕು. ತಿಳಿಯದೆ ಕೆಡಿಸಿದ್ದನ್ನು ಮುಚ್ಚಿಡದೆ ಹೇಳಿದರೆ, ಸರಿಪಡಿಸಲು ಇನ್ನೊಂದು ಕೈ ಜೊತೆಯಾಗುತ್ತದೆ.