ಕುಂಚಿಗೆಯ ಒಳಮೈ

ಹೊಳೆಯ ದಂಡೆಯ ಒಂದು ಸಣ್ಣ ಮಠದಲ್ಲಿ ಗುರಸಿದ್ಧವ್ವ ಎಂಬ ಹಿರಿಯ ತಾಯಿ ಇದ್ದರು. ಪ್ರವಚನ ಮಾಡುವವರಲ್ಲ. ಕೇಳಿದವರಿಗೆ ಒಂದು ಮಾತು, ಹಸಿದು ಬಂದವರಿಗೆ ಒಂದು ರೊಟ್ಟಿ ಕೊಡುತ್ತಿದ್ದರು. ಎರಡರಲ್ಲಿ ರೊಟ್ಟಿಯೇ ಮೆತ್ತಗಿರುತ್ತದೆ ಎಂದು ಊರವರು ನಗುತ್ತಿದ್ದರು.

ಅವರ ಶಿಷ್ಯೆ ಮಹಾನಂದಾ. ಊರೊಳಗೆ ಗಂಡ, ಮನೆ, ಎಮ್ಮೆ ಎಲ್ಲ ಇದ್ದ ಗೃಹಿಣಿ. ಮಧ್ಯಾಹ್ನದ ಕೆಲಸ ಮುಗಿಸಿ ಮಠಕ್ಕೆ ಬಂದು ಅವ್ವನವರ ಹತ್ತಿರ ಸ್ವಲ್ಪ ಹೊತ್ತು ಕೂತು ಹೋಗುವುದು ಅವಳ ರೂಢಿ. ಬರುವಾಗ ಕೈಯಲ್ಲಿ ಹೊಲಿಗೆ ಇದ್ದೇ ಇರುತ್ತಿತ್ತು.

ಹೊಲಿಗೆ ಅವಳ ಹೊಟ್ಟೆಪಾಡಲ್ಲ, ಹುಚ್ಚು. ಊರಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಅವಳ ಕೈಯ ಅಂಗಿಯೋ ಕುಲಾವಿಯೋ ಅಲ್ಲಿಗೆ ಹೋಗುತ್ತಿತ್ತು.

ಆದರೆ ಕೊಟ್ಟ ಮೇಲೆ ಸುಮ್ಮನಿರುವ ಹೆಂಗಸಲ್ಲ ಅವಳು. ವಾರ ಬಿಟ್ಟು ಏನೋ ಒಂದು ನೆಪ ಹೇಳಿ ಆ ಮನೆಗೆ ಹೋಗಿ, ಕೂಸು ತಾನು ಹೊಲಿದದ್ದನ್ನು ತೊಟ್ಟಿದೆಯೋ ಇಲ್ಲವೋ ಎಂದು ಬಾಗಿಲಲ್ಲೇ ಕತ್ತು ಚಾಚುತ್ತಿದ್ದಳು. ಅಂಗಳದಲ್ಲಿ ಅವಳ ದನಿ ಕೇಳಿದೊಡನೆ ಬಾಣಂತಿಯರು ಒಳಗೆ ಓಡಿ ಕೂಸಿನ ಅಂಗಿ ಬದಲಿಸುತ್ತಿದ್ದರಂತೆ.

ಅಂದು ಅವಳು ಬಂದಾಗ ಕಣ್ಣು ಕೆಂಪಗಾಗಿದ್ದವು. ಎದೆಗೆ ಒಂದು ಒದ್ದೆ ಗಂಟನ್ನು ಅವಚಿಕೊಂಡಿದ್ದಳು.

ಗುರಸಿದ್ಧವ್ವನವರು ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು.

“ಯಾಕ, ಮಾರಿ ಹಿಂಗ್ಯಾಕ ಮಾಡ್ಕೊಂಡಿ?”

“ನಮ್ಮ ತಮ್ಮನ ಹೇಂತಿ ದಾಕ್ಷಾಯಣಿ ನನ್ನನ್ನ ಮನಿಗೆ ಬರಬ್ಯಾಡ ಅಂದ್ಲರೀ ಅವ್ವಾರ. ಸೋಮವಾರ ಕೂಸಿನ್ನ ತೊಟ್ಟಲಕ್ಕ ಹಾಕೂದೈತಿ. ಹೆಸರಿಡಾಕೂ ಬರಬ್ಯಾಡ ಅಂದ್ಲು.”



ಆ ಕಡೆ ಕೂಸಿಗೆ ಹೆಸರಿಡುವುದು ಸೋದರತ್ತೆಯ ಹಕ್ಕು. ಅವಳು ತೊಟ್ಟಿಲ ಮೇಲೆ ಬಗ್ಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಕರೆಯಬೇಕು. ಸುತ್ತ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಧಪಧಪ ಗುದ್ದಬೇಕು. ತಮ್ಮನಿಗೆ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಮಗಳು ಇದು. ಆ ಗುದ್ದಿಗಾಗಿ ಮಹಾನಂದಾಳ ಬೆನ್ನು ಅಷ್ಟೂ ವರ್ಷ ಕಾದಿತ್ತು.

“ನೀ ಏನ್ ಮಾಡಿದಿ?” ಎಂದರು ಗುರಸಿದ್ಧವ್ವನವರು.

“ನಾನೇನ್ ಮಾಡ್ಲಿರೀ? ಆಕಿ ಮಾಡಿದ್ದು ನೋಡ್ರಿ.”

ಗಂಟು ಬಿಚ್ಚಿದಳು. ಒಳಗಿದ್ದದ್ದು ಒಂದು ಕುಂಚಿಗೆ. ಕೂಸಿನ ತಲೆಯನ್ನು ಮುಚ್ಚಿ ಬೆನ್ನ ಮೇಲೆ ಇಳಿಬೀಳುತ್ತದಲ್ಲ, ಅದು. ಕೆಂಪು ನೂಲಿನ ಬಟ್ಟೆ, ಅಂಚಿಗೆ ರವಿಕೆಯ ಖಣ, ಮೈತುಂಬ ಕಸೂತಿ. ಗೋಪುರ, ಆನೆ, ಗಿಳಿ, ತೊಟ್ಟಿಲು, ಒಂದೂ ಬಿಟ್ಟಿರಲಿಲ್ಲ. ಒಳಗೆ ಮೆತ್ತನೆಯ ಬಿಳಿ ಮಲ್ ಬಟ್ಟೆಯ ಅಸ್ತರ. ದಾಕ್ಷಾಯಣಿಯ ಹೊಟ್ಟೆಯಲ್ಲಿ ಕೂಸು ಬೆಳೆದಷ್ಟು ದಿನ ಮಹಾನಂದಾಳ ತೊಡೆಯ ಮೇಲೆ ಇದು ಬೆಳೆದಿತ್ತು.

“ಇದನ್ನ ಕೂಸಿನ ಬುಡಕ ಹಾಸಿದ್ಲರೀ! ಕಸೂತಿ ಇದ್ದ ಮೈ ನೆಲಕ್ಕ, ಅಸ್ತರ ಮ್ಯಾಲೆ. ಕೂಸು ಅದರ ಮ್ಯಾಲೆ ಉಚ್ಚಿ ಹೊಯ್ಕೊಂಡು ಮಲಗಿತ್ತು.”

“ಆಮ್ಯಾಲೆ?”

“ಕೂಸನ್ನ ಬಾಜೂಕ ಸರಿಸಿ ಇದನ್ನ ಎಳಕೊಂಡೆ.”

“ಕೂಸು?”

“ಎದ್ದು ಅಳಾಕ ಹತ್ತಿತ್ರಿ.”

“ನೀ?”

ಮಹಾನಂದಾ ಕುಂಚಿಗೆಯ ಅಂಚು ಹಿಂಡಿದಳು. “ಕೈಗೆಲಸದ ಕಿಮ್ಮತ್ತು ಗೊತ್ತಿಲ್ಲದವರಿಗೆ ಇದು ಯಾಕ ಬೇಕು ಅಂದು ತಗೊಂಡು ಬಂದೆ. ಹೊಳಿಯಾಗ ತೊಳದೀನ್ರಿ. ಬಣ್ಣ ಬಿಟ್ಟಿಲ್ಲ.”

ಗುರಸಿದ್ಧವ್ವನವರು ಕೈ ಒರೆಸಿಕೊಂಡು ಕುಂಚಿಗೆಯನ್ನು ಎತ್ತಿ ನೋಡಿದರು. ಹೊರಗೆ ನೋಡಿದರು. ಆಮೇಲೆ ತಿರುವಿ ಹಾಕಿ ಅಸ್ತರವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು.

“ಚಂದ ಹೊಲದಿ.”

ಅಷ್ಟು ದುಃಖದಲ್ಲೂ ಮಹಾನಂದಾಳ ಕತ್ತು ಒಂದಿಷ್ಟು ನೆಟ್ಟಗಾಯಿತು.

“ಇದು ಯಾರ್ದು?”

“ನಂದ್ರಿ.”

“ನಿಂದಾದ್ರ ನೀನ ಹಾಕ್ಕೊ.”

ಮಹಾನಂದಾ ನಕ್ಕಳು. ಅವ್ವನವರು ನಗಲಿಲ್ಲ.

“ಬಗ್ಗು.”

ಗುರುವಿನ ಮಾತು. ಬಗ್ಗಿದಳು. ಗುರಸಿದ್ಧವ್ವನವರು ಆ ಪುಟ್ಟ ಕುಂಚಿಗೆಯನ್ನು ಅವಳ ತಲೆಗೆ ಹಾಕಿದರು. ಅದು ತುರುಬಿನ ಮೇಲೆ ಕೂತಿತು, ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಕಟ್ಟುವ ದಾರ ಗದ್ದದವರೆಗೂ ಬರಲಿಲ್ಲ. ಹೊಳೆಯ ನೀರು ತೊಟ್ಟಿಕ್ಕಿ ಕಿವಿಯ ಹಿಂದೆ ಇಳಿಯಿತು.

“ಈಗ ಸೊಪ್ಪು ಸೋಸು.”

“ಇದನ್ನ ಹಾಕ್ಕೊಂಡರೀ?”

“ಮತ್ತ? ನಿಂದಲ್ಲೇನು?”

ಮಹಾನಂದಾ ಕೂತು ಸೊಪ್ಪು ಸೋಸಿದಳು. ಹೊಳೆಗೆ ನೀರಿಗೆ ಬಂದ ಹೆಂಗಸರು ಮಠದ ಮುಂದೆ ಹಾಯುವಾಗ ಅವಳನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡರು. ಮೊದಲು ಅವಳಿಗೆ ನಾಚಿಕೆಯಾಯಿತು. ಆಮೇಲೆ ಅವ್ವನವರ ಮೇಲೆ ಸಿಟ್ಟು ಬಂತು. ಕಟ್ಟಿನ ಮೇಲೆ ಕಟ್ಟು ಸೋಸುತ್ತ ಹೋದಂತೆ ಸಿಟ್ಟೂ ಇಳಿಯಿತು. ಒದ್ದೆ ಹಾಸಿಗೆಯ ಪಕ್ಕ ಬರಿ ಚಾಪೆಯ ಮೇಲೆ ಕೈಕಾಲು ಬಡಿಯುತ್ತಿದ್ದ ಕೂಸು ಕಣ್ಣ ಮುಂದೆ ಬಂತು.

ಸೊಪ್ಪು ಮುಗಿಯಿತು.

“ಹೆಂಗೈತಿ? ಸರಿ ಕುಂತೈತೇನು?”

“ನನಗ ಬರೂದಿಲ್ರೀ ಅವ್ವಾರ.”

“ಹಂಗಾದ್ರ ಯಾರ್ದು?”

ಮಹಾನಂದಾ ತಲೆ ತಗ್ಗಿಸಿದಳು. ತುರುಬಿನ ಮೇಲಿನ ಕುಂಚಿಗೆ ಜಾರಿ ಮಡಿಲಿಗೆ ಬಿತ್ತು.

“ಕೂಸಿಂದ್ರಿ. ಕೂಸಿನ ಬುಡಕಿದ್ದ ಅರಿವಿ ಕಸಗೊಂಡು ಬಂದೀನ್ರಿ ನಾನು.”

ಅಂದು ಬಿಕ್ಕಿ ಬಿಕ್ಕಿ ಅತ್ತಳು. ಗುರಸಿದ್ಧವ್ವನವರು ಸಮಾಧಾನ ಹೇಳಲಿಲ್ಲ. ಕುಂಚಿಗೆಯನ್ನು ಎತ್ತಿಕೊಂಡು ಹೋಗಿ ಹಿಂಡಿ, ಹಗ್ಗದ ಮೇಲೆ ಒಣಹಾಕಿ ಬಂದರು.

“ದಾಕ್ಷಾಯಣಿಗೆ ತಾಯಿ?”

“ಇಲ್ರಿ. ಸಣ್ಣಾಕಿದ್ದಾಗ ತೀರಿಕೊಂಡಾರ. ಅದಕ್ಕ ಬಾಣಂತನ ಇಲ್ಲೇ, ಗಂಡನ ಮನ್ಯಾಗ.”

“ಮತ್ತ ಕೂಸಿಗೆ ಹಳೀ ಅರಿವಿ ಯಾರು ತಂದು ಕೊಟ್ರು?”

ಮಹಾನಂದಾ ಹಗ್ಗದ ಮೇಲಿನ ಕುಂಚಿಗೆಯತ್ತ ನೋಡಿದಳು.

ಹುಟ್ಟಿದ ಕೂಸಿನ ಮೈಗೆ ಹೊಸ ಬಟ್ಟೆ ಆಗಿಬರುವುದಿಲ್ಲ. ಉಟ್ಟು ಉಟ್ಟು, ಒಗೆದು ಒಗೆದು ಮೆತ್ತಗಾದ ಸೀರೆ, ಧೋತರ ಬೇಕು. ಹಾಸಲು ಬೇಕು, ಸುತ್ತಲು ಬೇಕು, ಒರೆಸಲು ಬೇಕು, ಎಷ್ಟಿದ್ದರೂ ಸಾಲದು. ಬಸುರಿ ಮಗಳಿಗಾಗಿ ತಾಯಿ ಅವನ್ನು ಗಂಟು ಕಟ್ಟಿ ಕೂಡಿಡುತ್ತಾಳೆ. ದಾಕ್ಷಾಯಣಿಗೆ ಕೂಡಿಡುವವರು ಇರಲಿಲ್ಲ. ಗಿಳಿಯ ಕೊಕ್ಕಿಗೆ ಸರಿಯಾದ ಕೆಂಪು ದಾರಕ್ಕಾಗಿ ಅಂಗಡಿ ಅಂಗಡಿ ಅಲೆದ ಮಹಾನಂದಾಳಿಗೆ ಇದೊಂದು ಮಾತು ಕೇಳಬೇಕು ಎಂದು ಹೊಳೆದೇ ಇರಲಿಲ್ಲ.

ಗುರಸಿದ್ಧವ್ವನವರು ಒಳಗೆ ಹೋಗಿ ತಮ್ಮ ಹಳೆಯ ಬಿಳಿ ಸೀರೆಗಳನ್ನು ತಂದು ಅವಳ ಮುಂದೆ ಇಟ್ಟರು. ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುವಷ್ಟು ಸವೆದಿದ್ದವು.

“ಇವನ್ನ ಹರದು, ಅಂಚು ಮಡಚಿ ಹೊಲಿ.”

“ಎಷ್ಟು ಮಾಡ್ಲಿರಿ?”

“ಕೂಸನ್ನ ಕೇಳು.”

“ಮೂಲಿಗೆ ಸಣ್ಣದೊಂದು ಗಿಳಿ ಹಾಕ್ಲೇನ್ರೀ?”

“ಗಿಳಿ ಉಚ್ಚಿ ಹೀರತೈತೇನು?”

ಮಹಾನಂದಾಳಿಗೆ ಅಳುವಿನ ನಡುವೆಯೇ ನಗು ಬಂತು. ಮೂಗು ಒರೆಸಿಕೊಂಡು, “ಹೊಲದು ತಂದು ತೋರಿಸ್ತೀನ್ರಿ,” ಎಂದಳು.

“ನನಗ ತೋರಿಸಬ್ಯಾಡ. ನೀನೂ ಭಾಳ ನೋಡ್ಕೋಂತ ಕುಂದರಬ್ಯಾಡ.”

ಮನೆಗೆ ಬಂದು ಹೊಲಿಯಲು ಕೂತಳು. ಹರಿಯುವಾಗ ಹಳೆಯ ಬಟ್ಟೆ ಸದ್ದೇ ಮಾಡಲಿಲ್ಲ. ಪ್ರತಿಯೊಂದು ತುಂಡಿನ ಅಂಚನ್ನೂ ಕೆನ್ನೆಗೆ ಉಜ್ಜಿ, ಗಂಟು ತಾಗಿದರೆ ಬಿಚ್ಚಿ ಮತ್ತೆ ಹೊಲಿದಳು. ಇಷ್ಟು ವರ್ಷ ಹೊಲಿದವಳು ಹೀಗೆ ಒಂದು ದಿನವೂ ಮಾಡಿರಲಿಲ್ಲ.

ಆದರೂ ಕಣ್ಣಿಗೆ ಏನೋ ಬೇಕು ಬೇಕು ಎನಿಸುತ್ತಿತ್ತು. ಬಿಳಿ ಬಟ್ಟೆಗೆ ಬಿಳಿ ದಾರ. ಯಾರು ನೋಡುತ್ತಾರೆ, ಯಾರು ಹೊಗಳುತ್ತಾರೆ? ಎರಡು ಸಲ ಕೆಂಪು ದಾರದ ಉಂಡೆಯತ್ತ ಕೈ ಹೋಯಿತು. ಎರಡು ಸಲವೂ ಅವಳೇ ಎಳೆದುಕೊಂಡಳು.

ಅವ್ವನವರ ಸೀರೆ ಮುಗಿದವು. ತನ್ನ ಹಳೆಯ ಸೀರೆ ತೆಗೆದಳು. ಅದೂ ಮುಗಿದ ಮೇಲೆ ಗಂಡನ ಧೋತರಗಳಿಗೆ ಕೈ ಹಾಕಿದಳು.

ಗಂಡ ಬಂದು ನೋಡಿದ. “ಉಟ್ಟಿದ್ದೊಂದು ಬಿಟ್ಟೀಯಲ್ಲ, ನನ್ನ ಪುಣ್ಯ,” ಎಂದು ಹೋದ.

ಭಾನುವಾರ ಬೆಳಿಗ್ಗೆ ಮಠಕ್ಕೆ ಹೋಗಿ ಒಣಗಿದ ಕುಂಚಿಗೆಯನ್ನು ಇಸಿದುಕೊಂಡಳು. ಅದನ್ನು ಗಂಟಿನ ತಳಕ್ಕೆ ಹಾಕಿ, ಮೇಲೆ ಬಿಳಿ ಬಟ್ಟೆಗಳನ್ನು ಒಟ್ಟಿ ತಮ್ಮನ ಮನೆಗೆ ನಡೆದಳು. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಬಾಯಿಪಾಠ ಮಾಡಿದಳು.

ಬಾಗಿಲು ತೆರೆದವಳು ದಾಕ್ಷಾಯಣಿಯೇ. ಹೆಗಲ ಮೇಲೆ ಕೂಸು ಕಿರಿಕಿರಿ ಮಾಡುತ್ತಿತ್ತು. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಬಾ ಎನ್ನಲಿಲ್ಲ.

ಮಹಾನಂದಾಳಿಗೆ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

“ಒಳಗ ಬರೂದಿಲ್ಲವಾ. ಇದಿಷ್ಟು ಇಸ್ಕೋ.”

ದಾಕ್ಷಾಯಣಿ ಹೊಸ್ತಿಲ ಮೇಲೆಯೇ ಕೂತು ಒಂದೇ ಕೈಯಲ್ಲಿ ಗಂಟು ಬಿಚ್ಚಿದಳು. ಒಂದು ಬಟ್ಟೆ ಎತ್ತಿ, ತನಗೇ ಗೊತ್ತಿಲ್ಲದ ಹಾಗೆ ಕೂಸಿನ ಬಾಯಿ ಒರೆಸಿದಳು. ಇನ್ನೊಂದನ್ನು ಎತ್ತಿ ಬೆರಳಿನಲ್ಲಿ ಹಿಸುಕಿ ನೋಡಿದಳು.

“ಇಷ್ಟು ದಿನ ಹೊಸಾ ಪಂಜೆ ಹರದು ಹಾಸಾಕತ್ತಿದ್ದೆ,” ಎಂದಳು, ಕತ್ತು ಎತ್ತದೆ. “ಅದು ಒರಟು. ಕೂಸಿನ ಕುಂಡಿ ಕೆಂಪಗಾಗೇತಿ.”

ತಳದಲ್ಲಿ ಕುಂಚಿಗೆ ಸಿಕ್ಕಿತು. ಅವಳ ಮುಖ ಬಿಗಿಯಿತು.

“ಇದ್ಯಾಕ ಮತ್ತ?”

“ಕೂಸಿಂದದು. ತಲಿಗೆ ಕಟ್ಟು, ಬುಡಕ ಹಾಸು, ಹರದ ಮ್ಯಾಲೆ ಒಲಿ ಒರಸು. ನಾ ಒಂದ ಮಾತು ಕೇಳೂದಿಲ್ಲ.”

ದಾಕ್ಷಾಯಣಿ ಕುಂಚಿಗೆಯನ್ನು ತಿರುವಿದಳು. ಮಲ್ ಬಟ್ಟೆಯ ಅಸ್ತರವನ್ನು ಮೇಲೆ ಮಾಡಿ ತೊಡೆಯ ಮೇಲೆ ಹಾಸಿ, ಕೂಸನ್ನು ಅದರ ಮೇಲೆ ಮಲಗಿಸಿದಳು. ಕೂಸು ಮುಖವನ್ನು ಅತ್ತಿತ್ತ ಉಜ್ಜಿ, ಒಂದು ಸಲ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

“ನಿಮ್ಮ ಕೈಗೆಲಸ ಹಗುರ ಮಾಡಬೇಕಂತ ಹಾಸಿರ್ಲಿಲ್ಲಕ್ಕಾ. ಮನ್ಯಾಗ ಮೆತ್ತನ್ನ ಅರಿವಿ ಅಂದ್ರ ಇದೊಂದ ಇತ್ತು. ಇದರ ಮ್ಯಾಲಷ್ಟ ಕೂಸು ನಿದ್ದಿ ಮಾಡ್ತಿತ್ತು. ನೀವು ಒಯ್ದಾಗಿಂದ ಕಣ್ಣು ಮುಚ್ಚಿಲ್ಲ.”

ಮಹಾನಂದಾ ಮೆಟ್ಟಿಲ ಮೇಲೆ ಕೂತಳು. ತಾನು ಹೊಲಿದದ್ದಕ್ಕೆ ಇಷ್ಟು ದೊಡ್ಡ ಮರ್ಯಾದೆ ಈ ಊರಲ್ಲಿ ಯಾರೂ ಕೊಟ್ಟಿರಲಿಲ್ಲ. ಅದನ್ನು ತಾನು ಒದ್ದೆಯಿದ್ದಾಗಲೇ ಎಳೆದುಕೊಂಡು ಹೋಗಿದ್ದಳು.

“ತಪ್ಪಾತವಾ ದಾಕ್ಷಾಯಣಿ. ನಂದ ತಪ್ಪು.”

ವಯಸ್ಸಿನಲ್ಲಿ ಹಿರಿಯಳು ಹಾಗೆ ಅಂದದ್ದಕ್ಕೆ ದಾಕ್ಷಾಯಣಿಯ ಮುಖ ಸಡಿಲಿತು. ಆಮೇಲೆ ಕೂಸನ್ನು ಕುಂಚಿಗೆಯ ಸಮೇತ ಎತ್ತಿ ಅವಳ ಮಡಿಲಲ್ಲಿ ಇಟ್ಟಳು.

“ಹಿಡೀರಿ. ಒಂದೀಟು ಚಾ ಇಡ್ತೀನಿ. ಬಿಸೀದೊಂದು ಗುಟುಕು ಕುಡದು ಎಷ್ಟ್ ದಿನಾತೋ.” ಒಳಗೆ ಹೋಗುತ್ತ ತಿರುಗಿ, “ನಾಳೆ ಜಲ್ದಿ ಬರ್ರಿ. ತೊಟ್ಟಲ ಕಟ್ಟಾಕ ಯಾರೂ ಇಲ್ಲ,” ಎಂದಳು.

ಮಂಗಳವಾರ ಮಧ್ಯಾಹ್ನ ಮಹಾನಂದಾ ಮಠಕ್ಕೆ ಬಂದಳು. ಗುರಸಿದ್ಧವ್ವನವರು ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದರು.

“ಹೆಸರಿಟ್ಟೇನು?”

“ಇಟ್ಟೆರೀ ಅವ್ವಾರ. ನೀಲಗಂಗಾ ಅಂತ. ಎಲ್ಲಾರೂ ಕೂಡಿ ಹೆಂಗ ಗುದ್ದಿದಾರಂದ್ರ, ಬೆನ್ನು ಇನ್ನೂ ನೋಯಾಕತ್ತೈತ್ರಿ.”

ಅಷ್ಟು ಹೇಳಿ ನಿಲ್ಲಲಿಲ್ಲ. ಕುರ್ರ್ ಎಂದಾಗ ಕೂಸು ಓ ಎನ್ನುವ ಹಾಗೆ ಬಾಯಿ ತೆರೆದದ್ದು, ಹೆಬ್ಬೆರಳು ಕೊಟ್ಟರೆ ಮುಷ್ಟಿಯಲ್ಲಿ ಹಿಡಿದು ಬಿಡದೆ ಹೋದದ್ದು, ಬಲಗಿವಿಯ ತುದಿ ಒಂದಿಷ್ಟು ಮಡಚಿಕೊಂಡಿರುವುದು, ಸಮೆಯ ದೀಪದ ಬೆಳಕನ್ನೇ ನೋಡುತ್ತ ನೋಡುತ್ತ ಅಲ್ಲೇ ನಿದ್ದೆ ಹೋದದ್ದು, ನಿದ್ದೆಯಲ್ಲಿ ನಕ್ಕದ್ದು, ಎಲ್ಲ ಹೇಳಿದಳು. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದಳು.

ಗುರಸಿದ್ಧವ್ವನವರು ರೊಟ್ಟಿ ತಿರುವಿ ಹಾಕಿದರು.

“ಕೂಸಿಗೆ ಏನು ಹಾಕಿದ್ರು? ಕುಂಚಿಗಿ ಕಟ್ಟಿದ್ರೇನು?”

ಮಹಾನಂದಾ ನೆನಪು ಮಾಡಿಕೊಂಡಳು. ಬಾಯಿ ಕಂಡಿತು, ಮುಷ್ಟಿ ಕಂಡಿತು, ಮಡಚಿದ ಕಿವಿ ಕಂಡಿತು. ಎಷ್ಟು ನೆನೆದರೂ ಮತ್ತೇನೂ ಕಾಣಲಿಲ್ಲ.

“ಏನು ಹಾಕಿದ್ರೋ ಏನೋ. ನಾ ನೋಡ್ಲೇ ಇಲ್ಲರೀ ಅವ್ವಾರ.”

ಗುರಸಿದ್ಧವ್ವನವರು ಬಿಸಿ ರೊಟ್ಟಿಯನ್ನು ಅವಳ ಕೈಯಲ್ಲಿ ಇಟ್ಟರು.

“ಹಂಗಾದ್ರ ಕೂಸಿಗೆ ಅತ್ತಿ ಬಂದಂಗಾತು ಬಿಡು.”