ಕೆಂಪು ಗೀಟು

“ಬುದ್ಧೀ, ಗುರುಗಳು ಹಿಡಿದ ನೇಮವನ್ನು ಶಿಷ್ಯ ಸಡಿಲ ಮಾಡಿಕೊಂಡರೆ ಅದು ಗುರುವಿಗೆ ಮಾಡುವ ಅವಮಾನವಲ್ಲವೇ?” ಎಂದು ಚನ್ನವೀರ ಕೇಳಿದ.

ಮಠದ ಗುರುಗಳು ದಿನಕ್ಕೆ ಒಂದೇ ಹೊತ್ತು, ಮಧ್ಯಾಹ್ನ ಮಾತ್ರ, ಊಟ ಮಾಡುವವರು. ಯಾರೂ ಹೇಳದಿದ್ದರೂ ಚನ್ನವೀರ ಕೆಲವು ತಿಂಗಳಿಂದ ತಾನೂ ರಾತ್ರಿಯೂಟ ಬಿಟ್ಟಿದ್ದ. ಮಠದಲ್ಲೇ ಉಂಡು ಮಲಗುವ ಶಾಲೆಯ ಮಕ್ಕಳಿಗೆ ಪಾಠ ಹೇಳುವುದು ಅವನ ಕೆಲಸ. ಬೆಳಗಿನ ಪಾಠದ ಹೊತ್ತಿಗೆ ಹಸಿವು ತಲೆಗೇರಿ, ಸಣ್ಣ ತಪ್ಪಿಗೂ ಮಕ್ಕಳ ಮೇಲೆ ಹರಿಹಾಯುತ್ತಿದ್ದ. ಹಿಂದಿನ ದಿನ, ಕಲಿಸಿದ್ದ ಪದ್ಯ ನೆನಪಾಗದೆ ಒಂದು ಮಗು ತೊದಲಿ, ಅವನ ಕೂಗಿಗೆ ಬೆಚ್ಚಿ ಅತ್ತುಬಿಟ್ಟಿತ್ತು. ಆ ಅಳು ಅವನನ್ನು ಬಿಡದೆ ಕಾಡಿತು. ಪಾಠ ಹೇಳುವುದನ್ನೇ ಬಿಟ್ಟುಬಿಡೋಣ ಎಂದುಕೊಂಡಿದ್ದ. ನೇಮ ಬಿಡುವ ಮಾತಿಗೆ ಮಾತ್ರ ಅವನ ಮನಸ್ಸು ಒಪ್ಪುತ್ತಿರಲಿಲ್ಲ.

ಗುರುಗಳು ಅವನ ಬಾಡಿದ ಮುಖ ನೋಡಿದರು. “ಕೂತುಕೋ. ನಿಂತು ಕೇಳುವಷ್ಟು ತ್ರಾಣ ನಿನ್ನಲ್ಲಿ ಇದ್ದ ಹಾಗಿಲ್ಲ,” ಎಂದು ನಕ್ಕು, ಹೇಳತೊಡಗಿದರು.

ಒಬ್ಬ ಬಿಲ್ಲುಗಾರನಿದ್ದ. ಅವನದು ಬಿದಿರಿನ ಬಿಲ್ಲಲ್ಲ. ಪಂದ್ಯಗಳಲ್ಲಿ ಹಿಡಿಯುವ, ತುದಿಗಳಲ್ಲಿ ಪುಟ್ಟ ಗಾಲಿಗಳಿರುವ ಕಾಂಪೌಂಡ್ ಬಿಲ್ಲು. ಅದರ ಹಿಡಿಯ ಮೇಲೊಂದು, ಕೆಳಗೊಂದು ತಿರುಪು. ತಿರುಪು ಬಿಗಿದರೆ ಹೆದೆ ಎಳೆಯುವುದು ಭಾರ, ಬಾಣ ಚುರುಕು. ಸಡಿಲಿಸಿದರೆ ಎಳೆತ ಹಗುರ, ಬಾಣ ನಿಧಾನ. ಬಿಲ್ಲುಗಾರ ತನ್ನ ತೋಳಿಗೆ ತಕ್ಕಂತೆ ತಿರುಪು ಬಿಗಿದು, ಅದು ಅಲುಗಿದರೆ ತಿಳಿಯಲೆಂದು ಅಲ್ಲೊಂದು ಕೆಂಪು ಗೀಟು ಎಳೆದಿದ್ದ.

ವಯಸ್ಸಾಗಿ ಅವನ ಭುಜ ಸೋತಿತು. ಬಿಲ್ಲು ಮಗಳ ಕೈಗೆ ಬಂತು. ಮಗಳಿಗೆ ಅಪ್ಪನೆಂದರೆ ಪ್ರಾಣ. ಆಯುಧಪೂಜೆಯ ದಿನ ಬಿಲ್ಲಿಗೆ ಕುಂಕುಮ ಇಡುವಾಗ ಅವಳು ಮೊದಲು ಆ ಗೀಟಿಗೇ ಇಡುತ್ತಿದ್ದಳು. ಕುಂಕುಮ ಇಟ್ಟ ಮೇಲೆ ತಿರುಪು ತಿರುಗಿಸುವುದುಂಟೇ? ತಿರುಪು ಅಪ್ಪ ಬಿಟ್ಟಲ್ಲೇ ಇತ್ತು.

ಬಾಣ ಸುಂಯ್ಯೆಂದು ಹೋಗುತ್ತಿತ್ತು. ನೋಡಿದವರು ಭಲೇ ಎನ್ನುತ್ತಿದ್ದರು. ಆದರೆ ಅದು ಒಮ್ಮೆ ಎಡಕ್ಕೆ ನಾಟುತ್ತಿತ್ತು, ಒಮ್ಮೆ ಬಲಕ್ಕೆ. ಕಿರಿಯರ ರಾಜ್ಯ ತಂಡದ ಆಯ್ಕೆ ಹತ್ತಿರ ಬಂದಿತ್ತು. ಈ ಸಲ ತಪ್ಪಿದರೆ ವಯಸ್ಸು ಮೀರಿಹೋಗುತ್ತಿತ್ತು. ಅವಳು ಹಟ ಹಿಡಿದು ಇನ್ನಷ್ಟು ಅಭ್ಯಾಸ ಮಾಡಿದಳು. ಭುಜದ ನೋವನ್ನು ಯಾರಿಗೂ ಹೇಳದೆ, ಕದ್ದು ಎಣ್ಣೆ ತಿಕ್ಕಿಕೊಂಡಳು. ಎಣ್ಣೆಗೆ ವಾಸನೆಯಿದೆ ಎಂಬುದು ಹೊಳೆಯಲಿಲ್ಲ, ಪಾಪ.

ಆ ವಾಸನೆ ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಮೈದಾನಕ್ಕೆ ಬಂದು ಮಗಳನ್ನು ಕುರ್ಚಿಯ ಮೇಲೆ ಕೂರಿಸಿದ. ಕಾಲುಗಳನ್ನು ನೆಲದಿಂದ ಎತ್ತಿ, ಬಿಲ್ಲನ್ನು ಗುರಿಗೆ ನೇರ ಹಿಡಿದು ಎಳೆಯಲು ಹೇಳಿದ. ಎಳೆತ ತಮ್ಮ ಶಕ್ತಿಗೆ ತಕ್ಕದ್ದೇ ಎಂದು ಬಿಲ್ಲುಗಾರರು ಹೀಗೆ ಪರೀಕ್ಷಿಸಿಕೊಳ್ಳುತ್ತಾರೆ. ಅವಳು ಎಳೆದಳು. ಮೈಯೆಲ್ಲ ನಡುಗಿ, ಬಿಲ್ಲು ಗುರಿ ಬಿಟ್ಟು ಮುಗಿಲ ಕಡೆ ಎದ್ದಿತು.

ಅಪ್ಪ ಜೇಬಿನಿಂದ ತಿರುಪಿನ ಕೀಲಿ ತೆಗೆದ.

“ಬ್ಯಾಡ ಕಣಪ್ಪಾ! ಅದು ನೀನಿಟ್ಟ ಗುರುತು.”

“ಅದು ನನ್ನ ತೋಳಿನ ಗುರುತು ಕಣವ್ವಾ. ನೀನು ಹುಟ್ಟೋಕೂ ಮುಂಚೆ ಹಾಕಿದ್ದು.”

ಅವನು ಎರಡೂ ತಿರುಪುಗಳನ್ನು ಸಮಸಮವಾಗಿ ಸಡಿಲಿಸಿದ. ಕುಂಕುಮ ಅವನ ಬೆರಳಿಗೆ ಹತ್ತಿತು.

ಮೊದಲ ಬಾಣ ಗುರಿಹಲಗೆಯ ಕೆಳಗೆ ಹುಲ್ಲಿಗೆ ಬಿತ್ತು. ಮಗಳ ಕಣ್ಣು ತುಂಬಿತು. ಆದರೂ ಅಪ್ಪ ತಿರುಪನ್ನು ಮತ್ತೆ ಬಿಗಿಯಲಿಲ್ಲ. ತನ್ನ ಭಾರದ ಬಾಣಗಳನ್ನು ತೆಗೆದಿಟ್ಟು, ಅವಳ ಎಳೆತಕ್ಕೆ ಹೊಂದುವ ಹಗುರ ಬಾಣಗಳನ್ನು ಕೊಟ್ಟ. ಹೋದ ವೇಗ ಒಂದಿಷ್ಟು ಮರಳಿತು. ಉಳಿದ ಕೊರತೆಗೆ, ಬಾಣ ತುಸು ಮೇಲಕ್ಕೆ ಹೋಗಲೆಂದು, ಬಿಲ್ಲಿಗೆ ಸಿಕ್ಕಿಸಿದ ಗುರಿ ನೋಡುವ ಮುಳ್ಳನ್ನು ತುಸು ಕೆಳಗಿಳಿಸಿದ. ಈಗ ಅವಳು ಹೆದೆ ಎಳೆದು ನಿಶ್ಚಿಂತೆಯಿಂದ ನಿಲ್ಲಬಲ್ಲವಳಾದಳು. ಅಷ್ಟು ದಿನ ಭಾರದೊಡನೆ ಗುದ್ದಾಡುವುದರಲ್ಲಿ ಅವಳಿಗೆ ಗುರಿ ನೋಡಲು ಪುರಸೊತ್ತೇ ಇರಲಿಲ್ಲ.

ಆಯ್ಕೆಯ ದಿನ ಉಳಿದವರ ಬಾಣಗಳು ಬೇಗ ಹೋದವು. ಅವಳದು ತುಸು ತಡವಾಗಿ ಹೋಗಿ ನಟ್ಟನಡುವೆ ನಾಟಿತು. ಅವಳು ತಂಡ ಸೇರಿದಳು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ತಲೆ ತಗ್ಗಿಸಿ, “ಗೀಟು ತಪ್ಪಿಸುವಾಗ ಆ ತಂದೆಗೆ ಅವಮಾನವೆನಿಸಲಿಲ್ಲವೇ, ಬುದ್ಧೀ?” ಎಂದ.

ಊಟದ ಮನೆಯಲ್ಲಿ ರಾತ್ರಿಯೂಟದ ಗಂಟೆ ಮೊಳಗಿತು. ಚನ್ನವೀರ ಎಂದಿನಂತೆ ಕೂತೇ ಇದ್ದ. ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

“ನಿನ್ನೆ ಅತ್ತ ಮಗುವೂ ತನ್ನ ಮೇಷ್ಟ್ರ ಹಾಗೆ ರಾತ್ರಿಯೂಟ ಬಿಟ್ಟಿದೆ, ಹೋಗು, ಅದರ ಪಕ್ಕ ಕೂತು ಉಣ್ಣು.”