ಅಶ್ವಿನಿಯಿಂದ ಹೊರಟ ಸಾಹೇಬರು

ಮಗ್ಗಿಯನ್ನು ರಾಗವಾಗಿ ಒಪ್ಪಿಸದ ತರಗತಿಯೆಂದರೆ ಸ್ಕೂಲ್ ಇನ್‌ಸ್ಪೆಕ್ಟರ್ ವಿರೂಪಾಕ್ಷಯ್ಯನವರಿಗೆ ಮೈಯೆಲ್ಲ ಉರಿ.

"ಏಳೆಂಟ್ಲ ಎಷ್ಟು?" ಎಂದರು.

ಶಿವಲೀಲೆ ಎದ್ದು, "ಏಳೇಳ್ಲ ನಲವತ್ತೊಂಬತ್ತು, ಇನ್ನೊಂದು ಏಳು ಸೇರಿದರೆ ಐವತ್ತಾರು ಸಾರ್" ಎಂದಳು.

"ಇದೆಂಥ ಕಲಿಕೆ? ಮೊದಲಿಂದ ಬಾಯಿಪಾಠ ಒಪ್ಪಿಸಬೇಕು! ಭಾಗೀರಥಮ್ಮ, ನಿಮಗೆ ವರ್ಗಾವಣೆಯೇ ಮದ್ದು."

ಟೀಚರ್ ಭಾಗೀರಥಮ್ಮ ಕೈಮುಗಿದರು. "ಆಗಲಿ ಸಾರ್. ನಕ್ಷತ್ರಗಳು ತಮಗೆ ಬಾಯಿಪಾಠವಲ್ಲವೇ? ಸ್ವಾತಿಯ ಹಿಂದಿನದು ಯಾವುದು?"

"ಅಷ್ಟೂ ಗೊತ್ತಿಲ್ಲವೇ?" ಸಾಹೇಬರ ಹೆಬ್ಬೆರಳು ಗೆಣ್ಣುಗಳ ಮೇಲೆ ಓಡತೊಡಗಿತು. "ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ..."

"ಕಾಫಿ ತರಿಸಲೇ ಸಾರ್?"

ಎಣಿಕೆ ತಪ್ಪಿತು. ಸಾಹೇಬರು ಮತ್ತೆ ಅಶ್ವಿನಿಗೇ ಹಿಂದಿರುಗಿದರು.

ಶಿವಲೀಲೆ ಕೇಳಿದಳು: "ಟೀಚರ್, ಸಾಹೇಬರು ಸ್ವಾತಿ ತಲುಪುವಷ್ಟರಲ್ಲಿ ನಾವು ಆಟ ಆಡಿ ಬರೋಣವಾ?"

ತರಗತಿ ಗೊಳ್ಳೆಂದಿತು. ಸಾಹೇಬರಿಗೂ ನಗು ತಡೆಯಲಾಗಲಿಲ್ಲ.

"ವರ್ಗಾವಣೆ ಬೇಡ ತಾಯಿ. ಕಾಫಿ ತರಿಸಿ. ಹಾಗೇ ಆ ಸ್ವಾತಿಯ ಹಿಂದಿರೋದು ಯಾವುದು ಅಂತಲೂ ಹೇಳಿಬಿಡಿ!"